ಭೀಮನ ಗದೆ, ಶಕ್ತಿಮಾನನ ಹಾರಾಟ: ಮಂಡ್ಯ ಸೀಮೆಯಿಂದ ನೋಡಿದಂತೆ

ಅತಿಮಾನುಷ ವೀರರ ಕಥೆಯನ್ನು ಕಂತುಕಂತಾಗಿ ಹೇಳುವ ಕೆಲಸ ಟಿ.ವಿ.ಗಿಂತ ಬಹಳ ಹಳೆಯದು. ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲಿರುವ 13ನೇ ಶತಮಾನದ ಲಕ್ಷ್ಮೀನಾರಾಯಣ ದೇವಾಲಯದ ಹೊರಗೋಡೆಯ ಒಂದು ಪಟ್ಟಿಕೆಯ ತುಂಬ ರಾಮಾಯಣ, ಮಹಾಭಾರತದ ಸನ್ನಿವೇಶಗಳಿವೆ. ಪ್ರದಕ್ಷಿಣೆ ಹಾಕುತ್ತಾ ಹೋದಂತೆ ಕಥೆಯೂ ಸಾಗುತ್ತದೆ. ನಾಗಮಂಗಲ ಸೀಮೆಯ ಮೂಡಲಪಾಯ ಯಕ್ಷಗಾನಕ್ಕೂ ಸುತ್ತಲಿನ ಹಳ್ಳಿಗಳ ‘ಕುರುಕ್ಷೇತ್ರ’ ನಾಟಕಕ್ಕೂ ಅದೇ ಕಥೆಯೇ ಆಹಾರ. 2020ರ ಲಾಕ್‌ಡೌನ್ ಕಾಲದಲ್ಲಿ ಸ್ಟಾರ್ ಸುವರ್ಣ ವಾಹಿನಿ ಹಿಂದಿಯ ‘ಮಹಾಭಾರತ’ವನ್ನು ಕನ್ನಡಕ್ಕೆ ಡಬ್ ಮಾಡಿ ತೋರಿಸಿದಾಗ, ಕೊನೆ ಏನೆಂದು ಗೊತ್ತಿದ್ದ ಜನರೇ ಅದನ್ನು ಕೂತು ನೋಡಿದರು.

ಕಥೆಯ ಬಿರುಕುಗಳು

ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ಪಡೆ ಇಲ್ಲಿ ಬೀಡುಬಿಟ್ಟಿದ್ದರಿಂದ ಬ್ರಿಟಿಷರು ಇದನ್ನು ‘ಫ್ರೆಂಚ್ ರಾಕ್ಸ್’ ಎಂದು ಕರೆದರು. ಊರಿನ ಪಕ್ಕದ ಕುಂತಿಬೆಟ್ಟದಲ್ಲಿ ಪಾಂಡವರು ವನವಾಸದಲ್ಲಿ ತಾಯಿಯೊಡನೆ ಇದ್ದರೆಂಬುದು ಸ್ಥಳಪುರಾಣ. ಆದರೆ ಜೂಜಿನಲ್ಲಿ ಸೋತು ಹನ್ನೆರಡು ವರ್ಷ ಕಾಡಿಗೆ ಹೋದವರ ಜೊತೆ ಕುಂತಿ ಹೋಗಲಿಲ್ಲ, ಹಸ್ತಿನಾಪುರದ ವಿದುರನ ಮನೆಯಲ್ಲೇ ಉಳಿದಳು. ಆಕೆ ಮಕ್ಕಳೊಡನೆ ಅಲೆದದ್ದು ಅದಕ್ಕೂ ಮೊದಲು, ಅರಗಿನ ಮನೆ ಸುಟ್ಟ ಮೇಲೆ. ಸ್ಥಳಪುರಾಣ ಎರಡು ಅಲೆದಾಟಗಳನ್ನು ಒಂದು ಮಾಡಿದೆ. ಇದರಿಂದ ಬೆಟ್ಟ ಹತ್ತುವವರ ಭಕ್ತಿಗೆ ಕುಂದೇನೂ ಬಂದಿಲ್ಲ.

ಇದಕ್ಕಿಂತ ಆಳದ ಬಿರುಕು ಪಂಪನಲ್ಲಿದೆ. 10ನೇ ಶತಮಾನದ ‘ವಿಕ್ರಮಾರ್ಜುನ ವಿಜಯ’ದಲ್ಲಿ ದ್ರೌಪದಿಗೆ ಅರ್ಜುನನೊಬ್ಬನೇ ಗಂಡ. ಆದರೂ ಅವಳ ಮುಡಿಯ ಸೇಡನ್ನು ತೀರಿಸುವವನು ಭೀಮ. ಕೊನೆಗೆ ಅರ್ಜುನನ ಪಕ್ಕದಲ್ಲಿ ಪಟ್ಟಕ್ಕೆ ಕೂರುವವಳು ಸುಭದ್ರೆ. ತನ್ನ ಆಶ್ರಯದಾತ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಕಾಣಿಸಲು ಹೊರಟ ಕವಿ ಒಂದು ಎಳೆ ಎಳೆದಾಗ ಇನ್ನೊಂದು ಗಂಟು ಬಿಗಿಯಿತು.

ಊರು, ಕಾಲದ ತಪ್ಪುಗಳನ್ನು ಕೇಳುಗರು ಮನ್ನಿಸುತ್ತಾರೆ, ಮನ್ನಿಸಬೇಕು ಕೂಡ. ಮನ್ನಿಸಲಾಗದ್ದು ವೀರನ ಶಕ್ತಿಯ ಲೆಕ್ಕ ತಪ್ಪುವುದು. ಮಹಾಭಾರತ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಅಭಿಮನ್ಯುವಿಗೆ ಚಕ್ರವ್ಯೂಹದ ಒಳದಾರಿ ಮಾತ್ರ ಗೊತ್ತು, ಭೀಷ್ಮ ಶಿಖಂಡಿಯ ಎದುರು ಬಾಣ ಹೂಡುವುದಿಲ್ಲ, ಕರ್ಣನಿಗೆ ಬೇಕಾದ ಹೊತ್ತಿಗೇ ವಿದ್ಯೆ ಮರೆಯುತ್ತದೆ. ಸೋಲಿನ ಕಾರಣವನ್ನು ಕಥೆ ಮೊದಲೇ ಹೇಳಿಟ್ಟಿರುತ್ತದೆ. ನಿನ್ನೆ ಬೆಟ್ಟ ಎತ್ತಿದವಳು ಇವತ್ತು ಬೀಗ ಹಾಕಿದ ಕೋಣೆಯಲ್ಲಿ ಅಳುತ್ತಾ ಕೂರುವ ಧಾರಾವಾಹಿಗಳಲ್ಲಿ ಇಂಥ ಕಾರಣವಿರುವುದಿಲ್ಲ. ಕಂತು ಉದ್ದವಾಗಬೇಕು, ಅಷ್ಟೇ.

ಪಾತ್ರ ಕಟ್ಟುವ ಬಗೆ

‘ಕುರುಕ್ಷೇತ್ರ’ ನಾಟಕದಲ್ಲಿ ಪಾತ್ರ ಮಾಡುವವರೇ ದುಡ್ಡು ಹಾಕುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಹಾಡು, ಮಾತು ಕಲಿಸುತ್ತಾರೆ. ಕೃಷ್ಣನಾಗಲು ಹಲವರು ಬಯಸಿದರೆ ಒಂದೇ ರಾತ್ರಿಗೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಹಂಚಿಕೊಳ್ಳುತ್ತಾರೆ. ಮುಖ ಬದಲಾದರೂ ಜನ ಗೊಂದಲಗೊಳ್ಳುವುದಿಲ್ಲ. ಅವರು ನೋಡುವುದು ಹಾಡು ಹಿಡಿದ ಬಗೆ, ಮಾತಿನ ಗತ್ತು. ದುರ್ಯೋಧನನಿಗೂ ಇಲ್ಲಿ ಕೃಷ್ಣನಷ್ಟೇ ಗೌರವ. ರನ್ನ ‘ಗದಾಯುದ್ಧ’ದಲ್ಲಿ ಭೀಮನನ್ನು ನಾಯಕ ಮಾಡಿಯೂ, ರಣರಂಗದಲ್ಲಿ ಸತ್ತವರ ನಡುವೆ ನಡೆಯುವ ದುರ್ಯೋಧನನ ದುಃಖವನ್ನು ಮನಮುಟ್ಟುವಂತೆ ಬರೆದ. ಖಳನ ಅಳಲು ಕೇಳುವ ಕಿವಿ ಕನ್ನಡಕ್ಕೆ ಸಾವಿರ ವರ್ಷದಿಂದ ಇದೆ.

ಹಿಂಸೆ

ದುಶ್ಶಾಸನನ ಎದೆ ಬಗೆದು ರಕ್ತ ಕುಡಿಯುವುದಕ್ಕಿಂತ ಕ್ರೂರ ದೃಶ್ಯ ಯಾವ ಧಾರಾವಾಹಿಯಲ್ಲೂ ಇರಲಾರದು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧವನ್ನು ಚಿತ್ರಿಸಿದವರೂ ರುಂಡ ಮುಂಡಗಳನ್ನು ಬಿಟ್ಟಿಲ್ಲ. ವ್ಯತ್ಯಾಸವಿರುವುದು ಹೊಡೆತದ ನಂತರದಲ್ಲಿ. ರಂಗದ ಮೇಲೆ ಅಭಿಮನ್ಯು ಬಿದ್ದರೆ ಯುದ್ಧ ಕೆಲ ನಿಮಿಷದ್ದು, ಸುಭದ್ರೆಯ ಶೋಕಕ್ಕೆ ಹಾಡುಗಳೇ ಬೇಕು. ಪರದೆಯ ಮೇಲೆ ಒಂದೇ ಏಟು ಮೂರು ಕೋನಗಳಿಂದ, ನಿಧಾನಗತಿಯಲ್ಲಿ ಮರಳಿ ಬರುತ್ತದೆ. ಸತ್ತವನ ಮನೆಯವರು ಕಾಣುವುದೇ ಇಲ್ಲ. ನೋವಿಲ್ಲದ ಹಿಂಸೆಯೇ ಮಕ್ಕಳಿಗೆ ಹೆಚ್ಚು ಅಪಾಯಕಾರಿ ಎಂಬುದು ನನ್ನ ದೃಢ ಅಭಿಪ್ರಾಯ.

ಅಪಾಯ ಕಲ್ಪನೆಯದ್ದಲ್ಲ. ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ದಲ್ಲಿ ಭೀಷ್ಮನಾಗಿದ್ದ ಮುಕೇಶ್ ಖನ್ನಾ 1997ರಿಂದ ದೂರದರ್ಶನದಲ್ಲಿ ‘ಶಕ್ತಿಮಾನ್’ ಆದರು. ಶಕ್ತಿಮಾನ್ ಬಂದು ಕಾಪಾಡುತ್ತಾನೆಂದು ಮಕ್ಕಳು ದುಸ್ಸಾಹಸಕ್ಕೆ ಇಳಿಯುತ್ತಿದ್ದಾರೆಂಬ ಸುದ್ದಿ ಹಬ್ಬಿದಾಗ, ಹಾಗೆ ಮಾಡಬೇಡಿ ಎಂದು ಅವರೇ ತೆರೆಯ ಮೇಲೆ ಬಂದು ಕೇಳಿಕೊಂಡರು. ದಾವಣಗೆರೆ ಜಿಲ್ಲೆಯ ಹರಿಹರದಲ್ಲಿ ಏಳು ವರ್ಷದ ಬಾಲಕಿಯೊಬ್ಬಳು ಧಾರಾವಾಹಿಯ ಬೆಂಕಿಯ ದೃಶ್ಯವನ್ನು ಅನುಕರಿಸಲು ಹೋಗಿ ಸುಟ್ಟು ಸತ್ತಳೆಂದು 2017ರ ನವೆಂಬರ್‌ನಲ್ಲಿ ವರದಿಯಾಯಿತು. ಆ ಸುದ್ದಿ ಓದಿದ ಯಾವ ತಾಯಿತಂದೆಗೂ ಅದು ಮರೆಯುವಂಥದ್ದಲ್ಲ.

ಮಕ್ಕಳಿಗೆ ತಕ್ಕದ್ದಲ್ಲದ ಕಾರ್ಯಕ್ರಮಗಳನ್ನು ಅವರು ಹೆಚ್ಚಾಗಿ ನೋಡುವ ಹೊತ್ತಿನಲ್ಲಿ ಪ್ರಸಾರ ಮಾಡಬಾರದೆಂದು 1994ರ ಕೇಬಲ್ ಟೆಲಿವಿಷನ್ ನಿಯಮಗಳು ಹೇಳುತ್ತವೆ. ಮೊಬೈಲಿನಲ್ಲಿ ಬೇಕಾದಾಗ ನೋಡುವ ಓಟಿಟಿಗೆ ಈ ಹೊತ್ತಿನ ಕಟ್ಟು ಅನ್ವಯಿಸದು. ಅದಕ್ಕೆಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು 7, 13, 16 ವರ್ಷದ ಮೆಟ್ಟಿಲುಗಳನ್ನು ಗೊತ್ತುಮಾಡಿವೆ. 13 ಮತ್ತು ಅದಕ್ಕೆ ಮೇಲ್ಪಟ್ಟ ಗುರುತಿನ ಕಾರ್ಯಕ್ರಮಗಳಿಗೆ ಪೋಷಕರು ಬೀಗ ಹಾಕುವ ಸೌಲಭ್ಯವನ್ನು ಕಂಪನಿಗಳು ಕೊಡಲೇಬೇಕು. ಅದನ್ನು ಹಾಕುವ ಬಗೆ ಆಯಾ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿರುತ್ತದೆ.