ಹೆಸರಿಗೆ ಕಾದ ಕಾಫಿ ಗಿಡ

ಸಂಜೆ ಆರರ ಮೇಲೆ ಕಾಫಿ ಕುಡಿದರೆ ರಾತ್ರಿ ಎರಡರವರೆಗೆ ಫ್ಯಾನು ನೋಡ್ತಾ ಮಲಗಬೇಕು. ನಿಮ್ಮಲ್ಲಿ ಅನೇಕರಿಗೆ ಈ ಅನುಭವ ಇರಬಹುದು, ನನಗಂತೂ ಇದೆ. ನಮ್ಮಂಥವರಿಗಾಗಿಯೇ ಡೀಕ್ಯಾಫ್ ಅನ್ನೋದು ಬಂದಿದೆ. ಹಸಿ ಕಾಫಿ ಬೀಜದಿಂದ ಕೆಫೀನನ್ನು ನೀರಿನಿಂದಲೋ ದ್ರಾವಕದಿಂದಲೋ ಹೊರತೆಗೆದು, ಮತ್ತೆ ಒಣಗಿಸಿ ಹುರಿಯುವ ಕಾರ್ಖಾನೆ ಕೆಲಸ ಅದು. ಆದರೆ ಹುಟ್ಟಿನಿಂದಲೇ ಕೆಫೀನ್ ಇಲ್ಲದ ಕಾಫಿ ಗಿಡವೊಂದು ಆಫ್ರಿಕಾದ ಕ್ಯಾಮರೂನ್ ದೇಶದ ಮಳೆಕಾಡಿನಲ್ಲಿ ತನ್ನ ಪಾಡಿಗೆ ತಾನು ಬೆಳೆದುಕೊಂಡಿತ್ತು. ಅದು ವಿಜ್ಞಾನಿಗಳ ಕೈಗೆ ಸಿಕ್ಕಿದ್ದು 1980ರ ದಶಕದಲ್ಲಿ. ಅದಕ್ಕೊಂದು ಹೆಸರು ಸಿಕ್ಕಿದ್ದು 2008ರಲ್ಲಿ. ನಡುವಿನ ಎರಡು ದಶಕಕ್ಕೂ ಹೆಚ್ಚು ಕಾಲ ಏನಾಯ್ತು ಅನ್ನೋದೇ ಈ ಕಥೆ.

1983ರಲ್ಲಿ ಫ್ರಾನ್ಸಿನ ಓರ್ಸ್ಟೋಮ್ ಎಂಬ ಸಂಶೋಧನಾ ಸಂಸ್ಥೆಯ ತಂಡವೊಂದು ಕ್ಯಾಮರೂನಿಗೆ ಹೋಯಿತು. ಈಗ ಆ ಸಂಸ್ಥೆಯ ಹೆಸರು ಐಆರ್‌ಡಿ. ಕಾಡು ಕಾಫಿ ಗಿಡಗಳನ್ನು ಹುಡುಕಿ ತರುವುದು ಅವರ ಕೆಲಸ. ಫ್ರಾಂಸ್ವಾ ಆಂತೊನಿ, ಎಮ್ಯಾನ್ಯುಯೆಲ್ ಕೂತುರೊನ್ ಆ ತಂಡದಲ್ಲಿದ್ದರು. ಆ ವರ್ಷಗಳ ಓಡಾಟದಲ್ಲಿ ಬಕೋಸಿ ಮೀಸಲು ಅರಣ್ಯದಲ್ಲಿ ಒಂದು ಗಿಡ್ಡ ಪೊದೆ ಸಿಕ್ಕಿತು. ತೆಳ್ಳನೆ ಕೊಂಬೆ, ಸಣ್ಣ ಎಲೆ. ‘ಪತ್ತೆ ಹಚ್ಚಿದರು’ ಅಂತ ಬರೆಯೋಕೆ ಸ್ವಲ್ಪ ಮುಜುಗರ ಆಗುತ್ತೆ. ಆ ಕಾಡಿನಂಚಿನ ಜನ ಅದನ್ನು ದಾಟಿಕೊಂಡೇ ಎಷ್ಟು ಸಲ ಓಡಾಡಿದ್ದರೋ! ಹೊಸದಾಗಿದ್ದದ್ದು ವಿಜ್ಞಾನದ ಪುಸ್ತಕಕ್ಕೆ ಮಾತ್ರ.

ಕ್ಯಾಮರೂನಿನಿಂದ ತಂದ ಕಾಡು ಕಾಫಿಗಳನ್ನು ಐವರಿ ಕೋಸ್ಟ್ ದೇಶದ ಸಂಶೋಧನಾ ತೋಟದಲ್ಲಿ ಬೆಳೆಸಿದರು. ವಿಜ್ಞಾನಿಗಳ ನಡುವೆ ಈ ಪೊದೆಗಿದ್ದ ಗುರುತು ‘ಬಕೋಸಿ ಪ್ರಭೇದ’ ಅಂತ, ಅಷ್ಟೇ. ನಾವು ಫೋನಿನಲ್ಲಿ ‘ಪ್ಲಂಬರ್ ರಾಜಾಜಿನಗರ’ ಅಂತ ಸೇವ್ ಮಾಡಿಕೊಂಡಿರ್ತೀವಲ್ಲ, ಹಾಗೆ. ಅದರ ಡಿಎನ್‌ಎ ಪರೀಕ್ಷೆ ನಡೆಯಿತು, ಬೇರೆ ಕಾಫಿಗಳ ಜೊತೆ ಹೋಲಿಕೆಯೂ ನಡೆಯಿತು. ಹೆಸರು ಮಾತ್ರ ಇರಲಿಲ್ಲ.

ಹೆಸರಿಡೋಕೆ ಇಷ್ಟು ವರ್ಷ ಬೇಕಾ ಅಂತ ನೀವು ಕೇಳಬಹುದು. ಗಿಡಕ್ಕೆ ಹೆಸರಿಡುವುದು ತೊಟ್ಟಿಲ ಶಾಸ್ತ್ರದಷ್ಟು ಸುಲಭ ಅಲ್ಲ. ಹೂ, ಕಾಯಿ, ಎಲೆ ಇರುವ ಕೊಂಬೆಯನ್ನು ಒತ್ತಿ ಒಣಗಿಸಿ ದಪ್ಪ ಹಾಳೆಗೆ ಅಂಟಿಸಬೇಕು. ಇದು ಈಗಾಗಲೇ ಹೆಸರಿರುವ ಯಾವ ಪ್ರಭೇದವೂ ಅಲ್ಲ ಅಂತ ತೋರಿಸಬೇಕು. ಅದಕ್ಕೆ ನೂರು, ಇನ್ನೂರು ವರ್ಷ ಹಿಂದಿನ ಇಂಥ ಹಾಳೆಗಳನ್ನು ಬೇರೆ ಬೇರೆ ಊರುಗಳ ಹರ್ಬೇರಿಯಂಗಳಲ್ಲಿ ಹುಡುಕಿ ನೋಡಬೇಕು. ಎಲೆಯ ಅಗಲ, ಹೂವಿನ ದಳ, ಕಾಯಿಯ ಗಾತ್ರ ಎಲ್ಲವನ್ನೂ ಅಳೆಯಬೇಕು. 2011ರ ಕೊನೆಯವರೆಗೆ ಇನ್ನೊಂದು ನಿಯಮವೂ ಇತ್ತು: ಹೊಸ ಗಿಡದ ಲಕ್ಷಣಗಳನ್ನು ಲ್ಯಾಟಿನ್ ಭಾಷೆಯಲ್ಲಿ ಬರೆಯಲೇಬೇಕು. ಕಡೆಗೆ ಒಂದು ಹಾಳೆಯನ್ನು ‘ಮೂಲ ಮಾದರಿ’ ಅಂತ ಘೋಷಿಸಿ ಕಾಪಾಡಬೇಕು. ಮುಂದೆ ಯಾರಿಗೇ ಅನುಮಾನ ಬಂದರೂ ಆ ಹಾಳೆಯ ಹತ್ತಿರವೇ ಹೋಗಬೇಕು. ಜಮೀನಿನ ವ್ಯಾಜ್ಯದಲ್ಲಿ ಮೂಲ ಪತ್ರ ಇದ್ದ ಹಾಗೆ.

2008ರಲ್ಲಿ ಬೆಲ್ಜಿಯಂನ ಪೀಟ್ ಸ್ಟೊಫೆಲೆನ್ ಮತ್ತು ಮೂವರು ಸಹಲೇಖಕರು ಈ ಕೆಲಸ ಮುಗಿಸಿದರು. ಆ ಮೂವರಲ್ಲಿ ಇಬ್ಬರು ಯಾರು ಗೊತ್ತಾ? 1983ರಲ್ಲಿ ಕ್ಯಾಮರೂನಿನ ಕಾಡು ಅಲೆದಿದ್ದ ಅದೇ ಆಂತೊನಿ ಮತ್ತು ಕೂತುರೊನ್. ಕಾಫಿ ಸಂಶೋಧನೆಯನ್ನೂ ಇಂಥ ಹುಡುಕಾಟಗಳನ್ನೂ ಮೂವತ್ತು ವರ್ಷ ನಡೆಸಿದ ಆಂದ್ರೆ ಷಾರಿಯೆ ಅವರ ಗೌರವಾರ್ಥ ಗಿಡಕ್ಕೆ ‘ಕಾಫಿಯಾ ಷಾರಿಯೆರಿಯಾನಾ’ ಅಂತ ಹೆಸರಿಟ್ಟರು. ಮಧ್ಯ ಆಫ್ರಿಕಾದಲ್ಲಿ ಸಿಕ್ಕ ಮೊದಲ ಕೆಫೀನ್‌ರಹಿತ ಕಾಫಿ ಅಂತ ಅದು ಪುಸ್ತಕಕ್ಕೆ ಸೇರಿತು.

ಸರಿ, ಹೆಸರಿಟ್ಟರು. ಅದರಿಂದೇನು? ಉತ್ತರಕ್ಕೆ ಹಳೆಯ ಎರಡು ಕಾಫಿಗಳ ಕಥೆ ನೋಡಬೇಕು.

ಮೊದಲನೆಯದು ನಮ್ಮ ಅರೇಬಿಕಾ. ಹೂಮಳೆ ಬಿದ್ದ ಮೇಲೆ ಚಿಕ್ಕಮಗಳೂರಿನ ಕಡೆ ಹೋದವರಿಗೆ ಕಾಫಿ ಹೂವಿನ ಪರಿಮಳ ಗೊತ್ತು, ಥೇಟ್ ಮಲ್ಲಿಗೆ. ಫ್ರಾನ್ಸಿನ ಆಂತ್ವಾನ್ ದ ಜುಸ್ಯೂಗೂ ಹಾಗೇ ಅನ್ನಿಸಿತ್ತೇನೋ, 18ನೇ ಶತಮಾನದ ಆರಂಭದಲ್ಲಿ ಅವನು ಅದನ್ನು ಮಲ್ಲಿಗೆಯ ಕುಲಕ್ಕೇ ಸೇರಿಸಿ ‘ಅರಬ್ ಮಲ್ಲಿಗೆ’ ಅಂತ ಕರೆದ. ಆಮೇಲೆ ಸ್ವೀಡನ್ನಿನ ಲಿನೇಯಸ್ ಕುಲ ತಿದ್ದಿದ, ಊರು ತಿದ್ದಲಿಲ್ಲ. 1753ರಲ್ಲಿ ‘ಕಾಫಿಯಾ ಅರೇಬಿಕಾ’ ಅಂತ ಬರೆದು, ಇದರ ನೆಲೆ ಅರೇಬಿಯಾ ಅಂದ. ಯುರೋಪಿಗೆ ಕಾಫಿ ಬರುತ್ತಿದ್ದದ್ದು ಯೆಮೆನ್‌ನಿಂದ, ನಿಜ. ಬಾಬಾ ಬುಡನ್ ಬೀಜ ತಂದದ್ದೂ ಅಲ್ಲಿಂದಲೇ ಅಂತ ನಮ್ಮ ಕಡೆಯ ಐತಿಹ್ಯ. ಆದರೆ ಗಿಡದ ತವರು ಇಥಿಯೋಪಿಯಾದ ಕಾಡು. ಒಮ್ಮೆ ಇಟ್ಟ ಹೆಸರನ್ನು ಊರು ತಪ್ಪಿದೆ ಅಂತ ಬದಲಾಯಿಸೋ ಹಾಗಿಲ್ಲ. ಹಾಗಾಗಿ ಇಥಿಯೋಪಿಯಾದ ಗಿಡ ಇವತ್ತಿಗೂ ‘ಅರಬ್’ ಅನ್ನಿಸಿಕೊಂಡೇ ಮಾರಾಟವಾಗ್ತಿದೆ.

ಎರಡನೆಯದು ಪಶ್ಚಿಮ ಆಫ್ರಿಕಾದ ಸ್ಟೆನೋಫಿಲಾ. ಕಿರಿದಾದ ಎಲೆಯದ್ದು ಅಂತ ಹೆಸರಿನ ಅರ್ಥ. ಸಿಯೆರಾ ಲಿಯೋನ್‌ಗೆ ಗಿಡ ಸಂಗ್ರಹಿಸಲು ಹೋಗಿದ್ದ ಜಾರ್ಜ್ ಡಾನ್ 1834ರಲ್ಲಿ ಇದರ ವಿವರಣೆ ಪ್ರಕಟಿಸಿದ. ಅಲ್ಲಿ ಕೆಲವು ಕಾಲ ಅದನ್ನು ಬೆಳೆದರು, ರುಚಿಯನ್ನು ಹೊಗಳಿದರು. ಆಮೇಲೆ ಹೆಚ್ಚು ಫಸಲು ಕೊಡುವ ರೊಬಸ್ಟಾ ಬಂದು ಇದನ್ನು ಮೂಲೆಗೆ ತಳ್ಳಿತು. ಸಿಯೆರಾ ಲಿಯೋನ್‌ನ ಕಾಡಿನಲ್ಲಿ ಅದನ್ನು ಕೊನೆಯದಾಗಿ ಕಂಡದ್ದು 1954ರಲ್ಲಿ. 2018ರಲ್ಲಿ ಲಂಡನ್ನಿನ ಕ್ಯೂ ಗಾರ್ಡನ್ಸ್‌ನ ಏರನ್ ಡೇವಿಸ್, ಜೆರೆಮಿ ಹ್ಯಾಗರ್ ಮತ್ತು ಅದೇ ದೇಶದ ಡೇನಿಯಲ್ ಸಾರ್ಮು ಹುಡುಕಿಕೊಂಡು ಹೊರಟರು. ಮೊದಲು ಸಿಕ್ಕಿದ್ದು ಒಂದೇ ಒಂದು ಗಿಡ. ಆಮೇಲೆ ಬೇರೊಂದು ಬೆಟ್ಟದಲ್ಲಿ ಇನ್ನಷ್ಟು ಸಿಕ್ಕವು. 2021ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ರುಚಿ ನೋಡಿದ ಪರಿಣತರಲ್ಲಿ ಹೆಚ್ಚಿನವರಿಗೆ ಅದು ಅರೇಬಿಕಾದಂತೆಯೇ ಅನ್ನಿಸಿತು, ಆದರೆ ಅರೇಬಿಕಾಗಿಂತ ಸುಮಾರು 6 ಡಿಗ್ರಿ ಹೆಚ್ಚು ಬಿಸಿಯಿರುವ ಕಡೆ ಅದು ಬೆಳೆಯಬಲ್ಲದು. ಪ್ರತಿ ಬೇಸಿಗೆಯಲ್ಲೂ ಆಕಾಶ ನೋಡುವ ಮಲೆನಾಡಿನ ಬೆಳೆಗಾರರಿಗೆ ಈ ಮಾತಿನ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಗಮನಿಸಿ, ಕಳೆದುಹೋದದ್ದನ್ನು ಹುಡುಕಲು ಅವರಿಗೆ ಸಾಧ್ಯವಾದದ್ದು ಏನು ಕಳೆದಿದೆ ಅಂತ ಗೊತ್ತಿದ್ದರಿಂದ. ಹಳೆಯ ವಿವರಣೆ ಇತ್ತು, ಒಣಗಿದ ಕೊಂಬೆಗಳಿದ್ದ ಹಾಳೆಗಳಿದ್ದವು, ಎಲ್ಲಿಂದ ತಂದದ್ದು ಅನ್ನೋ ಟಿಪ್ಪಣಿ ಇತ್ತು. ಹೆಸರೇ ಇಲ್ಲದ ಗಿಡ ಮರೆಯಾದರೆ ‘ಕಾಣೆಯಾಗಿದೆ’ ಅಂತ ಹೇಳೋಕೂ ಆಗಲ್ಲ.

ಇದೆಲ್ಲ ದೂರದ ಆಫ್ರಿಕಾದ ಮಾತು ಅಂದ್ಕೋಬೇಡಿ. 1869ರಲ್ಲಿ ಸಿಲೋನ್‌ನಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಅಲ್ಲಿನ ಕಾಫಿ ತೋಟಗಳನ್ನು ಮುಗಿಸಿಬಿಟ್ಟಿತು. ನಮ್ಮ ತೋಟಗಳನ್ನೂ ಅದು ಕಾಡಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನೆ ಶುರುವಾಯಿತು. ಅಲ್ಲಿಂದ 1940ರ ದಶಕದಲ್ಲಿ ಬೆಳೆಗಾರರ ಕೈಸೇರಿದ ತಳಿ ಎಸ್. 795. ಅದಕ್ಕೆ ತುಕ್ಕು ತಡೆಯುವ ಶಕ್ತಿ ಬಂದದ್ದು ಅದರ ಪೂರ್ವಜರಲ್ಲೊಂದಾದ ಲೈಬೀರಿಕಾದಿಂದ. ಅದೂ ಪಶ್ಚಿಮ ಆಫ್ರಿಕಾದ ಕಾಡಿನದ್ದೇ. ಈಗ ರೋಗದ ಹೊಸ ರೂಪಗಳು ಎಸ್. 795ನ್ನೂ ಬಿಡುತ್ತಿಲ್ಲ. ಹಾಗಾಗಿ ಕಾಡಿನ ಕಡೆ ಮತ್ತೆ ತಿರುಗಿ ನೋಡಲೇಬೇಕು. ಅಂದರೆ ನೀವು ದರ್ಶಿನಿಯ ಮುಂದೆ ನಿಂತು ಕುಡಿಯುವ ಬೈಟೂ ಕಾಫಿಯಲ್ಲೂ ಎಲ್ಲೋ ಒಂದು ಕಾಡು ಗಿಡದ ಋಣ ಇರಬಹುದು.

2019ರಲ್ಲಿ ಡೇವಿಸ್ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ ಜಗತ್ತಿನ 124 ಕಾಫಿ ಪ್ರಭೇದಗಳಲ್ಲಿ ಶೇ. 60ರಷ್ಟು ಅಳಿವಿನ ಅಪಾಯದಲ್ಲಿದ್ದವು. ಆ ಲೆಕ್ಕ ಹಾಕೋಕೆ ಸಾಧ್ಯವಾದದ್ದೂ ಒಂದೊಂದಕ್ಕೂ ಯಾರೋ ಕೂತು ಹೆಸರು ಬರೆದಿಟ್ಟಿದ್ದರಿಂದ.

ಬಕೋಸಿಯ ಪುಟ್ಟ ಪೊದೆ ಇನ್ನೂ ನಮ್ಮ ಸಂಜೆಯ ಲೋಟಕ್ಕೆ ಬಂದಿಲ್ಲ. ಬರುತ್ತೋ ಇಲ್ಲವೋ. ಅದಕ್ಕೀಗ ಹೆಸರಿದೆ, ಮೂಲ ಪತ್ರವೂ ಇದೆ. ನಾಳೆ ಯಾರಾದರೂ ಹುಡುಕಿಕೊಂಡು ಹೋದಾಗ ಆ ಕಾಡೂ ಅಲ್ಲೇ ಇರಬೇಕು, ಅಷ್ಟೇ.