ಠಾಣೆ ಖಾಡಿಯ ನೀರಿನ ಲೆಕ್ಕ: ಪೋಷಕ ಲವಣಗಳ ಮಾಪನ ಚರಿತ್ರೆಯ ಒಂದು ಪುಟ

ಕಲ್ಯಾಣವೆಂದೊಡನೆ ಕನ್ನಡ ಓದುಗರ ಮನಸ್ಸು ಚಾಲುಕ್ಯರ ರಾಜಧಾನಿಯ ಕಡೆಗೆ, ಶರಣರ ಕಲ್ಯಾಣದ ಕಡೆಗೆ ಹರಿಯುವುದು ಸಹಜ. ಇಲ್ಲಿ ಪ್ರಸ್ತಾಪಿಸುತ್ತಿರುವುದು ಉತ್ತರ ಕೊಂಕಣದ ಕಲ್ಯಾಣವನ್ನು. ಪೆರಿಪ್ಲಸ್ ಗ್ರಂಥದಲ್ಲಿ ‘ಕಲ್ಲಿಯೇನ’ ಎಂದು ಉಕ್ತವಾಗಿರುವ, ಉಲ್ಹಾಸ ನದಿಯ ದಡದ ಪ್ರಾಚೀನ ರೇವುಪಟ್ಟಣವನ್ನು. ಅದರಿಂದ ಕೆಳಕ್ಕೆ ಡೊಂಬಿವಲಿ, ಮುಂದೆ ಠಾಣೆ, ಠಾಣೆಯ ಖಾಡಿಯ ಪೂರ್ವ ದಡದಲ್ಲಿ ನವಿ ಮುಂಬಯಿ. ರಾಷ್ಟ್ರಕೂಟರ ಸಾಮಂತರಾಗಿ ಶಿಲಾಹಾರರು ಆಳಿದ ನಾಡು ಇದು. ಕಾನ್ಹೇರಿಯ ಗುಹೆಗಳಲ್ಲಿ ಅಮೋಘವರ್ಷನ ಹೆಸರನ್ನು ಹೊತ್ತ ಒಂಬತ್ತನೆಯ ಶತಮಾನದ ಶಾಸನಗಳಿವೆ. ಈ ಪ್ರದೇಶದ ರಾಜಕೀಯ ಚರಿತ್ರೆಗೆ ಶಾಸನಗಳು ಆಕರಗಳಾದರೆ, ಇದರ ನೀರಿನ ಚರಿತ್ರೆಗೆ ಆಕರಗಳು ಯಾವುವು? ಕಳೆದ ಆರು ದಶಕಗಳ ಮಟ್ಟಿಗೆ ಉತ್ತರ ಸ್ಪಷ್ಟ: ಸಂಶೋಧನ ನೌಕೆಗಳೂ ದೋಣಿಗಳೂ ಸಂಗ್ರಹಿಸಿದ ನೀರಿನ ಮಾದರಿಗಳಲ್ಲಿ ರಸಾಯನತಜ್ಞರು ಕಂಡುಹಿಡಿದು ಬರೆದಿಟ್ಟ ಅಂಕಿಗಳು. ಆದರೆ ಅಂಕಿಯೂ ಶಾಸನದಂತೆಯೇ ಲಿಪಿ, ಕಾಲಮಾನ, ಪಾಠಗಳನ್ನು ತಿಳಿದು ಓದಬೇಕಾದ ವಸ್ತು. ಯಾವ ವಿಧಾನದಿಂದ, ಯಾವ ಏಕಮಾನದಲ್ಲಿ, ಉಬ್ಬರವಿಳಿತದ ಯಾವ ಗಳಿಗೆಯಲ್ಲಿ ದೊರೆತದ್ದೆಂಬುದು ತಿಳಿಯದಿದ್ದರೆ ಅದು ಆಕರವಾಗಲಾರದು ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪೋಷಕ ಲವಣಗಳೆಂದರೆ ಸಮುದ್ರದ ಸೂಕ್ಷ್ಮ ಸಸ್ಯಗಳು ಬೆಳೆಯಲು ಬೇಕಾದ, ನೀರಿನಲ್ಲಿ ಕರಗಿರುವ ನೈಟ್ರೇಟು, ನೈಟ್ರೈಟು, ಅಮೋನಿಯ, ಫಾಸ್ಫೇಟು ಮತ್ತು ಸಿಲಿಕೇಟುಗಳು. ಹೊಲಕ್ಕೆ ಗೊಬ್ಬರವಿದ್ದಂತೆ ಕಡಲಿಗೆ ಇವು. ಆಲ್‌ಫ್ರೆಡ್ ರೆಡ್‌ಫೀಲ್ಡ್ ೧೯೩೪ರಲ್ಲಿ ಮಂಡಿಸಿ ಮುಂದೆ ಪರಿಷ್ಕರಿಸಿದ ಅನುಪಾತದ ಪ್ರಕಾರ ಈ ಸಸ್ಯಗಳು ರಂಜಕದ ಒಂದು ಪರಮಾಣುವಿಗೆ ಸಾರಜನಕದ ಹದಿನಾರು ಪರಮಾಣುಗಳನ್ನು ಬಳಸುತ್ತವೆ. ಆಳದ ನೀರಿನಲ್ಲಿಯೂ ಅವು ಹೆಚ್ಚುಕಡಿಮೆ ಅದೇ ಅನುಪಾತದಲ್ಲಿರುತ್ತವೆ. ಕಡಲ ರಸಾಯನವಿಜ್ಞಾನಕ್ಕೆ ಇದೊಂದು ಛಂದಸ್ಸಿನ ಸೂತ್ರವಿದ್ದಂತೆ. ಎಲ್ಲಿ ಗಣ ತಪ್ಪಿತೋ ಅಲ್ಲಿ ಏನೋ ನಡೆದಿದೆ ಎಂದು ತಿಳಿಯಬೇಕು. ತೊಡಕೆಂದರೆ ಇವುಗಳ ಪ್ರಮಾಣ ಅತ್ಯಲ್ಪ. ಮಳೆಗಾಲಗಳ ನಡುವಣ ಬೇಸಗೆಯಲ್ಲಿ ಅರಬ್ಬೀ ಸಮುದ್ರದ ಮೇಲ್ಪದರದ ನೈಟ್ರೇಟು ಅನೇಕ ಕಡೆ ಲೀಟರಿಗೆ ೦.೧ ಮೈಕ್ರೋಮೋಲಿಗಿಂತಲೂ ಕಡಿಮೆ. ಕುಡಿಯುವ ನೀರಿನಲ್ಲಿ ನೈಟ್ರೇಟಿಗೆ ನಮ್ಮ ದೇಶ ವಿಧಿಸಿರುವ ಮಿತಿ ಲೀಟರಿಗೆ ೪೫ ಮಿಲಿಗ್ರಾಂ. ಇದು ಆ ಕಡಲನೀರಿನ ಏಳು ಸಾವಿರ ಪಟ್ಟಿಗೂ ಹೆಚ್ಚು. ನಗರದ ನೀರನ್ನು ಪರೀಕ್ಷಿಸುವವನೂ ಕಡಲ ನೀರನ್ನು ಪರೀಕ್ಷಿಸುವವನೂ ಒಂದೇ ಹೆಸರಿನ ವಸ್ತುವನ್ನು ಅಳೆಯುತ್ತಿದ್ದರೂ ಅವರ ತಕ್ಕಡಿಗಳು ಬೇರೆ ಬೇರೆ.

ಅಳೆಯುವುದೆಂದರೆ ಇಲ್ಲಿ ಬಣ್ಣ ಬರಿಸುವುದು. ಮಾದರಿಗೆ ತಕ್ಕ ರಾಸಾಯನಿಕವನ್ನು ಬೆರೆಸಿ, ಹುಟ್ಟಿದ ಬಣ್ಣದ ಗಾಢತೆಯಿಂದ ಪ್ರಮಾಣವನ್ನು ಗಣಿಸುವುದು. ನೈಟ್ರೈಟಿಗೆ ಗುಲಾಬಿ ಬಣ್ಣ ಬರಿಸುವ ಕ್ರಿಯೆಯನ್ನು ಪೀಟರ್ ಗ್ರೀಸ್ ೧೮೭೯ರಲ್ಲಿಯೇ ಕಂಡುಕೊಂಡಿದ್ದನು. ಫಾಸ್ಫೇಟಿಗೆ ಮಾಲಿಬ್ಡಿನಮ್ಮಿನ ನೀಲಿ. ಇಂಗ್ಲೆಂಡಿನ ಪ್ಲಿಮತ್ತಿನಲ್ಲಿ ಆಟ್ಕಿನ್ಸ್ ೧೯೨೦ರ ದಶಕದಲ್ಲಿ ಇದನ್ನು ಸಮುದ್ರಜಲಕ್ಕೆ ಅನ್ವಯಿಸಿದನು. ಅದೇ ಪ್ರಯೋಗಶಾಲೆಯ ಹಾರ್ವಿ ೧೯೨೬ರಲ್ಲಿ ನೈಟ್ರೇಟಿಗೆ ಬಳಸಿದ್ದು ಸ್ಟ್ರಿಕ್ನೀನನ್ನು ಅಪಕರ್ಷಿಸಿ ಪಡೆದ ವಸ್ತುವನ್ನು. ಸ್ಟ್ರಿಕ್ನೀನ್ ನಮ್ಮ ಕಾಸರಕನ ಬೀಜದ ವಿಷ. ಕಾಸರಗೋಡಿನ ಹೆಸರಿಗೆ ಈ ಮರವನ್ನೇ ಮೂಲವೆಂದು ಹೇಳುವ ನಿರುಕ್ತಿಯೂ ಒಂದುಂಟು. ಕರಾವಳಿಯ ಕಾಡಿನ ಮರವೊಂದರ ವಿಷವೇ ಕಡಲಿನ ಫಲವತ್ತತೆಯನ್ನು ಅಳೆಯುವ ಸಾಧನವಾಗಿದ್ದ ಕಾಲವೊಂದಿತ್ತೆಂಬುದು ಕುತೂಹಲಕರ. ಪ್ರಬಲ ಗಂಧಕಾಮ್ಲದಲ್ಲಿ ನಡೆಸಬೇಕಾಗಿದ್ದ ಆ ವಿಧಾನ ತೂಗಾಡುವ ಹಡಗಿನಲ್ಲಿ ಎಷ್ಟು ಅಪಾಯಕಾರಿಯಾಗಿದ್ದಿತೆಂಬುದನ್ನು ಊಹಿಸಬಹುದು.

ಫಾಸ್ಫೇಟಿನ ಹಳೆಯ ವಿಧಾನಕ್ಕೆ ಇನ್ನೊಂದು ದೋಷವಿತ್ತು. ಅದರಲ್ಲಿ ಬಳಸುತ್ತಿದ್ದ ಸ್ಟಾನಸ್ ಕ್ಲೋರೈಡಿನಿಂದ ಹುಟ್ಟುವ ನೀಲಿಯು ಉಪ್ಪುನೀರಿನಲ್ಲಿ ಸಿಹಿನೀರಿನಲ್ಲಿರುವುದಕ್ಕಿಂತ ಮಸುಕಾಗಿ ಕಾಣುತ್ತದೆ, ಬೇಗನೆ ಮಾಸುತ್ತದೆ. ಈ ‘ಲವಣದೋಷ’ವನ್ನು ಕೂಪರ್ ೧೯೩೮ರಲ್ಲಿ ಪರಿಶೀಲಿಸಿದನು. ತೆರೆದ ಸಮುದ್ರದಲ್ಲಿ ಉಪ್ಪಿನಂಶ ಬಹುಮಟ್ಟಿಗೆ ಏಕರೂಪವಾದುದರಿಂದ ಒಂದು ಗುಣಕದಿಂದ ತಿದ್ದಿಕೊಳ್ಳಬಹುದು. ಅಳಿವೆಯಲ್ಲಿ ಹಾಗಲ್ಲ. ಉಬ್ಬರದಲ್ಲಿ ಕಡಲಿನಷ್ಟು, ಮಳೆಗಾಲದ ಇಳಿತದಲ್ಲಿ ಹೊಳೆಯಷ್ಟು ಉಪ್ಪಿರುವಲ್ಲಿ ದೋಷವೂ ಗಳಿಗೆಗಳಿಗೆಗೆ ಬದಲಾಗುತ್ತದೆ. ೧೯೬೨ರಲ್ಲಿ ಮರ್ಫಿ ಮತ್ತು ರೈಲಿ ಆಸ್ಕಾರ್ಬಿಕ್ ಆಮ್ಲ ಹಾಗೂ ಆಂಟಿಮನಿಯನ್ನು ಬಳಸಿ ಸ್ಥಿರವಾದ, ಉಪ್ಪಿನ ಬಾಧೆ ನಗಣ್ಯವಾದ ನೀಲಿಯನ್ನು ಪಡೆದರು. ಅದೇ ದಶಕದಲ್ಲಿ ನೈಟ್ರೇಟನ್ನು ಕ್ಯಾಡ್ಮಿಯಂ ಚೂರುಗಳ ಕೊಳವೆಯ ಮೂಲಕ ಹರಿಸಿ ನೈಟ್ರೈಟಾಗಿ ಪರಿವರ್ತಿಸಿ ಗ್ರೀಸನ ಗುಲಾಬಿಯಿಂದ ಅಳೆಯುವ ಕ್ರಮ ನೆಲೆಗೊಂಡಿತು. ೧೯೬೮ರಲ್ಲಿ ಪ್ರಕಟವಾದ ಸ್ಟ್ರಿಕ್‌ಲ್ಯಾಂಡ್ ಮತ್ತು ಪಾರ್ಸನ್ಸರ ಕೈಪಿಡಿ ಇವನ್ನೆಲ್ಲ ಒಂದೆಡೆ ಕ್ರೋಡೀಕರಿಸಿತು.

ಅರಬ್ಬೀ ಸಮುದ್ರದ ಮಟ್ಟಿಗೆ ಮೊದಲ ಮುಖ್ಯ ದಾಖಲೆ ೧೯೩೩-೩೪ರ ಜಾನ್ ಮರ್ರೆ ಯಾತ್ರೆಯದು. ಭಾರತದ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ನಿರ್ದೇಶಕನಾಗಿದ್ದ ಸೀಮೂರ್ ಸೀವೆಲ್ ಅದರ ನಾಯಕ. ಹಡಗು ಈಜಿಪ್ಟಿನ ‘ಮಬಾಹಿಸ್’. ಆ ಯಾತ್ರೆಯ ಸಾರಜನಕದ ವರದಿಯನ್ನು ೧೯೩೭ರಲ್ಲಿ ಪ್ರಕಟಿಸಿದ ಗಿಲ್ಸನ್, ಆಮ್ಲಜನಕ ಬಹುತೇಕ ಬರಿದಾದ ನಡು ಆಳದ ನೀರಿನಲ್ಲಿ ನೈಟ್ರೈಟು ಮತ್ತೆ ಕಾಣಿಸಿಕೊಳ್ಳುವುದನ್ನು ಗುರುತಿಸಿದನು. ಅಲ್ಲಿ ಬ್ಯಾಕ್ಟೀರಿಯಗಳು ನೈಟ್ರೇಟಿನ ಆಮ್ಲಜನಕವನ್ನು ಬಳಸಿ ಸಾರಜನಕವನ್ನು ಅನಿಲವಾಗಿ ಬಿಟ್ಟುಕೊಡುತ್ತಿವೆ ಎಂಬುದು, ಜಗತ್ತಿನಲ್ಲಿ ಹೀಗಾಗುವ ಕೆಲವೇ ದೊಡ್ಡ ಜಲಪ್ರದೇಶಗಳಲ್ಲಿ ನಮ್ಮ ಪಡುವಣ ಕಡಲೂ ಒಂದು ಎಂಬುದು, ಮುಂದೆ ರಬಿನ್ ಸೇನ್‌ಗುಪ್ತ, ಎಸ್. ಡಬ್ಲ್ಯು. ಎ. ನಖ್ವಿ ಮೊದಲಾದವರ ಕೆಲಸದಿಂದ ಖಚಿತವಾಯಿತು. ಗುಲಾಬಿ ಬಣ್ಣದ ಒಂದು ಪರೀಕ್ಷೆ ಇಷ್ಟು ದೊಡ್ಡ ಸಂಗತಿಗೆ ದಾರಿ ತೆರೆಯಿತು.

ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾತ್ರೆ ೧೯೬೫ರಲ್ಲಿ ಮುಗಿಯುವ ಹೊತ್ತಿಗೆ ಭಾರತದ ನೌಕಾಪಡೆಯ ‘ಕಿಸ್ತ್ನಾ’ ಹಡಗೂ ಅದರಲ್ಲಿ ಪಾಲ್ಗೊಂಡಿತ್ತು. ಯಾತ್ರೆಯ ಹವಾಮಾನ ಕೇಂದ್ರ ಮುಂಬಯಿಯ ಕೊಲಾಬಾದಲ್ಲಿಯೇ ಇತ್ತು. ೧೯೬೬ರ ಜನವರಿ ೧ರಂದು ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಸ್ಥಾಪನೆಗೊಂಡಿತು. ಎನ್. ಕೆ. ಪಣಿಕ್ಕರ್ ಅದರ ಮೊದಲ ನಿರ್ದೇಶಕರು. ಮುಂದೆ ಗೋವೆಯ ದೋನಾ ಪಾವ್ಲಾದಲ್ಲಿ ನೆಲೆಗೊಂಡ ಈ ಸಂಸ್ಥೆಗೆ ೧೯೭೬ರಲ್ಲಿ ಮೊದಲ ಸ್ವಂತ ನೌಕೆ ‘ಗವೇಷಣಿ’ ದೊರೆಯಿತು. ಹೂಳು ಸಾಗಿಸಲೆಂದು ಕಟ್ಟಿದ ಹಡಗನ್ನು ಮಾರ್ಪಡಿಸಿ ಸಿದ್ಧಪಡಿಸಿದ ನೌಕೆ ಅದು. ೧೯೮೩ರಲ್ಲಿ ಜರ್ಮನಿಯಲ್ಲಿ ನಿರ್ಮಿತವಾದ ‘ಸಾಗರ್ ಕನ್ಯಾ’ ಬಂದಿತು. ೧೯೯೨ರಿಂದ ೧೯೯೭ರವರೆಗಿನ ಜಾಗತಿಕ ಸಾಗರ ಪ್ರವಾಹ ಅಧ್ಯಯನದ ಭಾರತೀಯ ಭಾಗವೂ ಅರಬ್ಬೀ ಸಮುದ್ರವನ್ನೇ ಕ್ಷೇತ್ರವಾಗಿ ಆರಿಸಿಕೊಂಡಿತ್ತು.

ನೌಕೆಯ ಮೇಲಿನ ಕೆಲಸದ ಕ್ರಮವನ್ನು ಸ್ವಲ್ಪ ವಿವರಿಸುವುದು ಅವಶ್ಯ. ತಂತಿಗೆ ಕಟ್ಟಿ ಇಳಿಸಿದ ಸೀಸೆಗಳು ಗೊತ್ತಾದ ಆಳದಲ್ಲಿ ಮುಚ್ಚಿಕೊಂಡು ಮೇಲೆ ಬರುತ್ತವೆ. ಮೊದಲು ಆಮ್ಲಜನಕದ ಮಾದರಿ, ಆಮೇಲೆ ಪೋಷಕ ಲವಣಗಳದು. ನೀರು ಸೀಸೆಯಲ್ಲಿ ಸುಮ್ಮನಿರುವುದಿಲ್ಲ. ಅದರೊಳಗಿನ ಜೀವಿಗಳು ತಿನ್ನುವುದನ್ನೂ ವಿಸರ್ಜಿಸುವುದನ್ನೂ ಮುಂದುವರಿಸುತ್ತವೆ. ಬೆಳಗ್ಗೆ ಹಿಡಿದ ನೀರಿನ ಅಮೋನಿಯ ಸಂಜೆಗೆ ಬೇರೆಯಾಗಿರುತ್ತದೆ. ಆದುದರಿಂದ ಕೂಡಲೇ ಅಳೆಯಬೇಕು. ಇಲ್ಲವೇ ಘನೀಕರಿಸಬೇಕು, ಅಥವಾ ಪಾದರಸದ ಲವಣ ಬೆರೆಸಿ ಜೀವಿಗಳನ್ನು ಕೊಲ್ಲಬೇಕು. ಘನೀಕರಿಸಿದರೆ ಸಿಲಿಕೇಟಿನ ಅಣುಗಳು ಒಂದಕ್ಕೊಂದು ಕೂಡಿಕೊಂಡು, ಕರಗಿಸಿದ ಬಳಿಕವೂ ಪೂರ್ಣವಾಗಿ ಬಣ್ಣ ಕೊಡುವುದಿಲ್ಲ. ಉಪ್ಪು ಕಡಿಮೆಯಿರುವ ಅಳಿವೆಯ ನೀರಿನಲ್ಲಿ ಈ ತೊಂದರೆ ಹೆಚ್ಚು. ಬೆವರು, ಸಾಬೂನು, ತಂಬಾಕಿನ ಹೊಗೆ ಇವುಗಳಲ್ಲಿ ಯಾವುದಾದರೂ ಫಲಿತಾಂಶವನ್ನು ಕೆಡಿಸಬಲ್ಲದು. ಸ್ವಯಂಚಾಲಿತ ಯಂತ್ರಗಳು ಬಂದ ಮೇಲೆ ಕೆಲಸದ ವೇಗ ಹೆಚ್ಚಿತೇ ಹೊರತು ಈ ಎಚ್ಚರಗಳ ಅಗತ್ಯ ಕಡಿಮೆಯಾಗಲಿಲ್ಲ.

ಇನ್ನು ಠಾಣೆಯ ಖಾಡಿಗೆ ಬರಬಹುದು. ರಾಜಮಾಚಿಯ ಬೆಟ್ಟಸಾಲಿನಿಂದ ಇಳಿಯುವ ಉಲ್ಹಾಸ ನದಿ ಬದ್ಲಾಪುರ, ಕಲ್ಯಾಣ, ಡೊಂಬಿವಲಿಗಳನ್ನು ಹಾದು ಘೋಡಬಂದರದ ಮಾರ್ಗವಾಗಿ ವಸಯಿಯ ಬಳಿ ಕಡಲು ಸೇರುತ್ತದೆ. ಠಾಣೆಯ ಹತ್ತಿರ ಇಕ್ಕಟ್ಟಾದ ಕಾಲುವೆಯೊಂದು ಅದನ್ನು ದಕ್ಷಿಣದ ಖಾಡಿಗೆ ಜೋಡಿಸಿದೆ. ಖಾಡಿ ಅಲ್ಲಿಂದ ಸುಮಾರು ೨೬ ಕಿ.ಮೀ. ಸಾಗಿ ಮುಂಬಯಿ ಬಂದರಿನಲ್ಲಿ ತೆರೆದುಕೊಳ್ಳುತ್ತದೆ. ೧೮೫೪ರಲ್ಲಿ ರೈಲುಮಾರ್ಗ ಖಾಡಿಯನ್ನು ದಾಟಿ ಕಲ್ಯಾಣ ಮುಟ್ಟಿತು. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ೧೯೬೨ರಲ್ಲಿ ಹುಟ್ಟಿದ ತರುವಾಯ ಠಾಣೆ-ಬೇಲಾಪುರ ಪಟ್ಟಿ, ಡೊಂಬಿವಲಿ, ಅಂಬರನಾಥಗಳಲ್ಲಿ ರಾಸಾಯನಿಕ ಕಾರ್ಖಾನೆಗಳು ದಟ್ಟವಾದವು. ೧೯೭೦ರಲ್ಲಿ ನವಿ ಮುಂಬಯಿಯನ್ನು ಕಟ್ಟಲು ಸಿಡ್ಕೋ ಸ್ಥಾಪಿತವಾಯಿತು. ಅದೇ ವರ್ಷ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಅಸ್ತಿತ್ವಕ್ಕೆ ಬಂದಿತು. ಜನಸಂಖ್ಯೆಯೊಡನೆ ಚರಂಡಿಯ ನೀರೂ ಬೆಳೆಯಿತು. ಹೀಗೆ ಬೆಳೆದ ಊರುಗಳಲ್ಲಿ ಕನ್ನಡಿಗರ ಸಂಖ್ಯೆಯೂ ಕಡಿಮೆಯದಲ್ಲ.

ಇಲ್ಲಿಯೇ ಎರಡು ಮಾಪನ ಸಂಪ್ರದಾಯಗಳು ಎದುರುಬದುರಾದವು. ಒಂದು ಸಾಗರವಿಜ್ಞಾನಿಗಳದು. ದೊಡ್ಡ ನೌಕೆಗಳು ಖಾಡಿಯೊಳಗೆ ಬರಲಾರವು. ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಮುಂಬಯಿ ಕೇಂದ್ರದವರು ದೋಣಿಗಳಲ್ಲಿ ಕೆಲಸ ಮಾಡಿದರೂ ನೌಕೆಯ ಕೈಪಿಡಿಯನ್ನೇ ಒಯ್ದರು. ೧೯೯೦ರ ದಶಕದಲ್ಲಿ ಸಮುದ್ರ ಮಾಲಿನ್ಯದ ನಿಯತ ವೀಕ್ಷಣೆಯ ಯೋಜನೆ ಆರಂಭವಾಗಿ ‘ಸಾಗರ್ ಪೂರ್ವಿ’, ‘ಸಾಗರ್ ಪಶ್ಚಿಮಿ’ ಎಂಬ ಕರಾವಳಿ ನೌಕೆಗಳೂ ಬಳಕೆಗೆ ಬಂದವು. ಇನ್ನೊಂದು ಸಿಹಿನೀರು ಹಾಗೂ ಚರಂಡಿನೀರಿನ ಪರೀಕ್ಷಕರದು. ಅವರ ವಿಧಾನಗಳು ಅವರ ಕೆಲಸಕ್ಕೆ ತಕ್ಕವೇ ಆಗಿದ್ದವು. ಆದರೆ ನೈಟ್ರೇಟಿಗೆ ಬಹುಕಾಲ ಪ್ರಚಲಿತವಿದ್ದ ಫೀನಾಲ್‌ಡೈಸಲ್ಫಾನಿಕ್ ಆಮ್ಲದ ವಿಧಾನಕ್ಕೆ ಕ್ಲೋರೈಡು ಶತ್ರು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು ೧೯ ಗ್ರಾಂ ಕ್ಲೋರೈಡಿದೆ. ಅಮೋನಿಯಕ್ಕೆ ಬಳಸುವ ನೆಸ್ಲರ್ ದ್ರಾವಣ ಕಡಲನೀರಿನ ಮೆಗ್ನೀಷಿಯಂ, ಕ್ಯಾಲ್ಸಿಯಂಗಳಿಂದ ಕದಡಿಹೋಗುತ್ತದೆ. ಬಟ್ಟಿ ಇಳಿಸದೆ ಉಪಯೋಗಿಸಿದರೆ ಆ ಕದಡೇ ಅಮೋನಿಯವೆಂದು ಲೆಕ್ಕಕ್ಕೆ ಸೇರುತ್ತದೆ. ಒಂದು ವಿಧಾನ ಇದ್ದುದನ್ನು ಕಡಿಮೆ ತೋರಿಸುತ್ತದೆ, ಇನ್ನೊಂದು ಇಲ್ಲದುದನ್ನು ಇದೆಯೆನ್ನುತ್ತದೆ.

ಏಕಮಾನದ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ‘ನೈಟ್ರೇಟು ಲೀಟರಿಗೆ ೧ ಮಿಲಿಗ್ರಾಂ’ ಎಂದು ವರದಿಯೊಂದು ಹೇಳಿದರೆ, ಅದು ಪೂರ್ಣ ನೈಟ್ರೇಟಿನ ತೂಕವಾದಲ್ಲಿ ೧೬ ಮೈಕ್ರೋಮೋಲ್; ಅದರೊಳಗಿನ ಸಾರಜನಕದ ತೂಕ ಮಾತ್ರವಾದಲ್ಲಿ ೭೧ ಮೈಕ್ರೋಮೋಲ್. ಫಾಸ್ಫೇಟಿನಲ್ಲಿ ರಂಜಕವಾಗಿ ೩೧, ಫಾಸ್ಫೇಟಾಗಿ ೯೫, ಹಳೆಯ ಆಂಗ್ಲ ಪದ್ಧತಿಯಲ್ಲಿ ರಂಜಕದ ಆಕ್ಸೈಡಾಗಿ ೭೧, ಹೀಗೆ ಒಂದೇ ಮೈಕ್ರೋಮೋಲಿಗೆ ಮೂರು ತೂಕಗಳು. ಸಾಗರವಿಜ್ಞಾನಿಗಳ ಹಳೆಯ ‘ಮೈಕ್ರೋಗ್ರಾಂ-ಆಟಮ್’ ಇಂದಿನ ಮೈಕ್ರೋಮೋಲಿಗೆ ಸಮಾನವೆಂಬುದನ್ನು ಅರಿಯದೆ ಅದನ್ನು ಬರಿಯ ಮೈಕ್ರೋಗ್ರಾಂ ಎಂದು ನಕಲು ಮಾಡಿದರೆ ನೈಟ್ರೇಟು ಹದಿನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಲಿಪಿಕಾರನ ಒಂದು ಅಕ್ಷರಲೋಪದಿಂದ ಪಾಠ ಕೆಡುವುದನ್ನು ಬಲ್ಲ ಗ್ರಂಥಸಂಪಾದಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಖಾಡಿ ಇಪ್ಪತ್ತು ವರ್ಷಗಳಲ್ಲಿ ನಾಲ್ಕು ಪಟ್ಟು ಕೆಟ್ಟಿತೆಂದೋ ಸುಧಾರಿಸಿತೆಂದೋ ಯಾರಾದರೂ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೇಳಿದಾಗ, ಆ ನಾಲ್ಕು ಪಟ್ಟು ನೀರಿನದೋ ಏಕಮಾನದ್ದೋ ಎಂದು ಮೊದಲು ವಿಚಾರಿಸಬೇಕಾಗುತ್ತದೆ. ಉಲ್ಹಾಸದ ಮಾಲಿನ್ಯದ ವಿಚಾರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಗಿರುವುದರಿಂದ ಇದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ.

ಉಬ್ಬರವಿಳಿತವನ್ನೂ ಗಣನೆಗೆ ತರಬೇಕು. ಒಂದೇ ಸೇತುವೆಯ ಕೆಳಗೆ ಆರು ಗಂಟೆಗಳ ಅಂತರದಲ್ಲಿ ಹಿಡಿದ ಎರಡು ಸೀಸೆಗಳಲ್ಲಿ ಒಂದು ಬಂದರಿನ ಕಡೆಯ ನೀರು, ಮತ್ತೊಂದು ಊರ ಕಡೆಯ ನೀರು. ಉಪ್ಪಿನಂಶವನ್ನು ಜೊತೆಗೆ ದಾಖಲಿಸಿದ್ದರೆ ಎಷ್ಟು ಪಾಲು ಕಡಲು, ಎಷ್ಟು ಪಾಲು ಹೊಳೆ ಎಂದು ಬಿಡಿಸಬಹುದು, ಇಲ್ಲದಿದ್ದರೆ ಸಾಧ್ಯವಿಲ್ಲ. ಕಾಳಿ, ನೇತ್ರಾವತಿಗಳ ಅಳಿವೆಗಳಿಗೂ ಈ ಮಾತು ಅಷ್ಟೇ ಸತ್ಯ.

ಈ ಚರಿತ್ರೆಯಲ್ಲಿ ಒಂದು ವಿಪರ್ಯಾಸವನ್ನೂ ಗಮನಿಸಬಹುದು. ಠಾಣೆ ಖಾಡಿಯ ಪಾದರಸವನ್ನು ಕುರಿತು ಝಿಂಗಡೆ ಮತ್ತು ದೇಸಾಯಿ ಅವರು ೧೯೮೧ರಲ್ಲಿ ಪ್ರಕಟಿಸಿದ ಲೇಖನ ಈ ಪ್ರದೇಶದ ಮಾಲಿನ್ಯದ ಅಧ್ಯಯನದಲ್ಲಿ ಮುಖ್ಯವಾದುದು. ಪೋಷಕ ಲವಣದ ಮಾದರಿಯನ್ನು ಕಾಪಿಡಲು ಹಾಕುವುದೂ ಪಾದರಸವೇ. ನೈಟ್ರೇಟನ್ನು ಅಳೆಯುವ ಕೊಳವೆಯಲ್ಲಿರುವ ಕ್ಯಾಡ್ಮಿಯಮ್ಮೂ ವಿಷವೇ. ಕಾಸರಕನಿಂದ ಆರಂಭವಾದ ವಿಷದ ಸಹವಾಸ ಈ ವಿದ್ಯೆಯನ್ನು ಬಿಟ್ಟಿಲ್ಲ.

ಹಳೆಯ ಅಂಕಿಗಳನ್ನು ಪರಿಷ್ಕರಿಸುವ ಉಪಾಯ ತೆರೆದ ಕಡಲಿನಲ್ಲುಂಟು. ಅರಬ್ಬೀ ಸಮುದ್ರದಲ್ಲಿ ಎರಡು ಸಾವಿರ ಮೀಟರಿನ ಕೆಳಗೆ ನೈಟ್ರೇಟು ಸುಮಾರು ೩೫ರಿಂದ ೪೦ ಮೈಕ್ರೋಮೋಲ್; ಕೆಲವು ದಶಕಗಳಲ್ಲಿ ಅದು ಗಣನೀಯವಾಗಿ ಬದಲಾಗುವುದಿಲ್ಲ. ಯಾವುದಾದರೊಂದು ಯಾತ್ರೆಯ ಆಳದ ಅಂಕಿಗಳು ಇದಕ್ಕೆ ಹೊಂದದಿದ್ದರೆ ದೋಷ ಮಾಪನದ್ದೆಂದು ತಿಳಿದು, ಅದೇ ಯಾತ್ರೆಯ ಮೇಲ್ಪದರದ ಅಂಕಿಗಳನ್ನೂ ತಿದ್ದಿಕೊಳ್ಳಬಹುದು. ಕಾಲ ತಿಳಿದ ಶಾಸನದ ಲಿಪಿಯಿಂದ ಕಾಲವಿಲ್ಲದ ಶಾಸನವನ್ನು ತೂಗಿನೋಡುವ ಕ್ರಮವನ್ನು ಇದು ಹೋಲುತ್ತದೆ. ಕೆಲವೇ ಮೀಟರು ಆಳದ, ದಿನಕ್ಕೆರಡು ಬಾರಿ ಮಗುಚುವ ಖಾಡಿಗೆ ಅಂತಹ ಸ್ಥಿರವಾದ ತಳವಿಲ್ಲ. ಅಲ್ಲಿ ವಿಧಾನ, ಏಕಮಾನ, ಉಪ್ಪಿನಂಶ, ಗಳಿಗೆ ಈ ನಾಲ್ಕನ್ನೂ ಬರೆದಿಟ್ಟ ಪರೀಕ್ಷಕನ ದಿನಚರಿಯೇ ಏಕೈಕ ಆಧಾರ. ಮುದ್ರಿತ ವರದಿಗಳ ಕೋಷ್ಟಕಗಳಿಗಿಂತ ಇಂತಹ ಕೈಬರಹದ ದಿನಚರಿಗಳನ್ನು ಮೊದಲು ಸಂರಕ್ಷಿಸಬೇಕೆಂದು ನಮ್ಮ ಅಭಿಪ್ರಾಯ.

ಖಾಡಿಯ ಪಶ್ಚಿಮ ದಡದಲ್ಲಿ ೨೦೧೫ರಲ್ಲಿ ರಾಜಹಂಸಗಳ ಅಭಯಾರಣ್ಯ ಘೋಷಿತವಾಯಿತು. ೨೦೨೨ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಈ ಹಕ್ಕಿಗಳ ಆಹಾರವಾದ ಪಾಚಿಗಳು ಸಾರಜನಕ, ರಂಜಕಗಳು ತುಂಬಿದ ನೀರಿನಲ್ಲಿ ಹುಲುಸಾಗಿ ಬೆಳೆಯುತ್ತವೆ. ಹಕ್ಕಿಗಳ ಬರವಿಗೂ ಚರಂಡಿಯ ನೀರಿಗೂ ಸಂಬಂಧ ಕಲ್ಪಿಸುವ ವಾದ ಮೇಲುನೋಟಕ್ಕೆ ಸಮಂಜಸವಾಗಿಯೇ ಕಾಣುತ್ತದೆ. ಆದರೆ ಅದನ್ನು ಸಾಧಿಸಬೇಕಾದರೆ ೧೯೭೦ರ ದಶಕದಿಂದೀಚಿನ ಅಮೋನಿಯ ಮತ್ತು ಫಾಸ್ಫೇಟಿನ ಅಂಕಿಗಳನ್ನು ಒಂದೇ ಏಕಮಾನಕ್ಕೆ ತಂದು, ನೆಸ್ಲರ್ ವಿಧಾನದಿಂದ ಬಂದವನ್ನು ಬೇರ್ಪಡಿಸಿ, ಉಪ್ಪಿನಂಶವಿಲ್ಲದ ದಾಖಲೆಗಳನ್ನು ಬದಿಗಿರಿಸಿ ಹೊಸದಾಗಿ ಜೋಡಿಸಬೇಕಾಗುತ್ತದೆ.