ಜಲಕ್ರೀಡೆಯ ಪೂರ್ವಾಪರ

ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಜಲಕ್ರೀಡೆಯೂ ಒಂದೆಂಬುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಅದು ಬರಿಯ ಕವಿಸಮಯವೆಂದು ಪಾಠ ಹೇಳುವುದು ಸಾಧುವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸನ ಕ್ರೀಡೆಗಳನ್ನೆಣಿಸುವಾಗ ನೀರಾಟಕ್ಕೂ ಸ್ಥಾನವನ್ನಿತ್ತಿದೆ. ಹಂಪೆಯಲ್ಲಿ ‘ರಾಣಿಯ ಸ್ನಾನಗೃಹ’ವೆಂದು ಹೆಸರಾದ, ನಡುವೆ ಕೊಳವುಳ್ಳ ಕಟ್ಟಡವು ಕಣ್ಣಿಗೆ ಕಾಣುವ ಸಾಕ್ಷಿಯಾಗಿದೆ.

ಅರಸರಿಗೆ ಮೀಸಲಾಗಿದ್ದ ಈ ವಿನೋದವು ಈಗ ಟಿಕೆಟು ಕೊಂಡ ಕುಟುಂಬಗಳ ಪಾಲಾಗಿದೆ. ರಜೆಯ ದಿನಗಳಲ್ಲಿ ಜನರು ನೆರೆಯುವ ಮೈಸೂರಿನ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕು, ಬೆಂಗಳೂರಿನಿಂದ ಅಲ್ಲಿಗೆ ಹೋಗುವ ಹಾದಿಯಲ್ಲಿ ಬಿಡದಿಯ ಬಳಿ ೨೦೦೫ರಲ್ಲಿ ತೆರೆದ ವಂಡರ್‌ಲಾ, ಇವು ಇದಕ್ಕೆ ನಿದರ್ಶನಗಳು. ಈ ಸಾರ್ವಜನಿಕತೆಯು ಶ್ಲಾಘ್ಯವೇ ಸರಿ.

ಆದರೆ ಒಂದು ಭೇದವನ್ನು ಗಮನಿಸಬೇಕು. ವಿಜಯನಗರದ ಅರಸರು ವಿಹಾರಕ್ಕೆ ಕೊಳಗಳನ್ನು ಕಟ್ಟಿಸಿದಂತೆಯೇ ತುಂಗಭದ್ರೆಯಿಂದ ಕಾಲುವೆಗಳನ್ನೂ ತೋಡಿಸಿದರು. ಅವುಗಳಲ್ಲಿ ಕೆಲವು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿವೆ. ವಿನೋದದ ಒಡೆಯನೇ ನೀರಿನ ಹೊಣೆಗಾರನೂ ಆಗಿದ್ದನು. ಇಂದು ಆ ಎರಡೂ ಬೇರೆಯಾಗಿವೆ. ಅದೇ ನದಿಯ ಎಡದಂಡೆ ಕಾಲುವೆಯನ್ನು ನಂಬಿದ ನಮ್ಮ ಸಿಂಧನೂರಿನ ಸೀಮೆಯಲ್ಲಿ, ಕಾಲುವೆಯ ಕೊನೆಯ ಭಾಗದ ರೈತನು ನೀರಿಗಾಗಿ ಕಾದಿರುವುದನ್ನು ಕಂಡವರಿಗೆ ಈ ಭೇದವು ವಿವರಿಸದೆಯೇ ತಿಳಿಯುವುದು. ಜಲಕ್ರೀಡೆಯ ಪಾಠದೊಡನೆ ಕೆರೆಕಾಲುವೆಗಳ ಪಾಠವನ್ನೂ ಹೇಳಿದರೆ ಕಾವ್ಯಾರ್ಥವು ಪೂರ್ಣವಾದೀತು.